ಹೊಲಿಗೆ ಯಂತ್ರದ ಕಾಲು, ಮೇಜಿನ ತಲೆ

ಬೆಂಗಳೂರು, ಮೈಸೂರಿನ ಹೊಸ ಕಾಫಿ ಅಂಗಡಿಗಳಲ್ಲಿ, ಮಲೆನಾಡಿನ ಹೋಂಸ್ಟೇಗಳ ಜಗಲಿಗಳಲ್ಲಿ, ಪುಸ್ತಕದಂಗಡಿಗಳ ಮೂಲೆಗಳಲ್ಲಿ ಈಗ ಒಂದು ಬಗೆಯ ಮೇಜು ಸಾಮಾನ್ಯವಾಗಿದೆ. ಮೇಲೆ ಗಾಜು, ಗ್ರಾನೈಟು ಅಥವಾ ಹೊಳಪು ಕೊಟ್ಟ ತೇಗದ ಹಲಗೆ. ಕೆಳಗೆ ಬಳ್ಳಿಯಂತೆ ಸುತ್ತಿಕೊಂಡ ಎರಕದ ಕಬ್ಬಿಣದ ಎರಡು ಕಾಲು, ನಡುವೆ ಜಾಲರಿಯಂಥ ಪೆಡಲ್, ಒಂದು ಮಗ್ಗುಲಿಗೆ ದೊಡ್ಡ ಚಕ್ರ. ಒಂದು ಕಾಲದಲ್ಲಿ ಅದು ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರವಾಗಿತ್ತು ಎನ್ನುವುದು ಯಾರಿಗಾದರೂ ತಿಳಿಯುತ್ತದೆ. ತಿಳಿಯಲಿ ಎಂದೇ ಅದನ್ನು ಹಾಗೆ ಇಟ್ಟಿರುತ್ತಾರೆ. ಕಬ್ಬಿಣದಲ್ಲಿ ಎರಕ ಹೊಯ್ದ ಕಂಪನಿಯ ಹೆಸರಿಗೆ ಕೆಲವರು ಬಂಗಾರದ ಬಣ್ಣವನ್ನೂ ಬಳಿದಿರುತ್ತಾರೆ.

ಈ ಮೇಜನ್ನು ಒಂದು ಪಠ್ಯದಂತೆ ಓದಲು ಸಾಧ್ಯವೇ ಎನ್ನುವುದು ನನ್ನ ಪ್ರಶ್ನೆ. ಒಳಾಂಗಣ ಅಲಂಕಾರ ಸಾಹಿತ್ಯ ಪತ್ರಿಕೆಯ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಹಳೆಯದೊಂದನ್ನು ಎತ್ತಿಕೊಂಡು, ಅದರ ಒಂದು ಭಾಗ ಉಳಿಸಿ, ಇನ್ನೊಂದು ಭಾಗ ತೆಗೆದು, ಹೊಸ ಜಾಗದಲ್ಲಿ ಇಡುವ ಕೆಲಸವನ್ನು ವಿಮರ್ಶಕರೂ ಸಂಪಾದಕರೂ ಸಂಶೋಧನಾ ವಿದ್ಯಾರ್ಥಿಗಳೂ ದಿನವೂ ಮಾಡುತ್ತೇವೆ. ಯಾವುದು ಉಳಿಯಿತು, ಯಾವುದು ಹೋಯಿತು, ಯಾರು ಆರಿಸಿದರು ಎಂಬ ಪ್ರಶ್ನೆಗಳು ಎರಡೂ ಕಡೆ ಒಂದೇ.

ಮೊದಲು ವಸ್ತುವನ್ನೇ ನೋಡೋಣ. ತುಳಿಯುವ ಹೊಲಿಗೆ ಯಂತ್ರಕ್ಕೆ ಮೂರು ಭಾಗ. ಮೇಲೆ ಸೂಜಿ, ಬಾಬಿನ್, ಶಟಲ್ ಎಲ್ಲ ಇರುವ ತಲೆ. ನಡುವೆ ಮರದ ಹಲಗೆ. ಕೆಳಗೆ ಕಬ್ಬಿಣದ ಸ್ಟ್ಯಾಂಡು. ಪೆಡಲನ್ನು ಹಿಮ್ಮಡಿ ಮತ್ತು ಮುಂಗಾಲಿನಿಂದ ಸರದಿಯಂತೆ ಒತ್ತಿದರೆ ಅದು ತಕ್ಕಡಿಯಂತೆ ಮೇಲೆ ಕೆಳಗೆ ಆಡುತ್ತದೆ. ಆ ಆಟವನ್ನು ಒಂದು ಕಡ್ಡಿ ಚಕ್ರಕ್ಕೆ ಒಯ್ದು ಸುತ್ತುವಿಕೆಯಾಗಿ ಬದಲಿಸುತ್ತದೆ. ಚಕ್ರದಿಂದ ತೊಗಲಿನ ಬೆಲ್ಟು ಹಲಗೆಯ ತೂತಿನೊಳಗಿಂದ ಮೇಲೆ ಹೋಗಿ ತಲೆಯ ಸಣ್ಣ ಗಾಲಿಯನ್ನು ತಿರುಗಿಸುತ್ತದೆ. ದೊಡ್ಡ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಸಣ್ಣ ಗಾಲಿ ಹಲವು ಸುತ್ತು ಹಾಕಿರುತ್ತದೆ. ಕಾಲಿನ ನಿಧಾನ ಸೂಜಿಯ ವೇಗವಾಗುವುದು ಹೀಗೆ. ಎರಡೂ ಕೈ ಬಟ್ಟೆಗೆ ಬಿಡುವಾಗುತ್ತವೆ.

ಮೇಜು ಮಾಡುವವರು ತಲೆಯನ್ನೂ ಬೆಲ್ಟನ್ನೂ ತೆಗೆಯುತ್ತಾರೆ. ಹಳೆಯ ಹಲಗೆ ಗೆದ್ದಲು ತಿಂದಿದ್ದರೆ ಅದೂ ಹೋಗುತ್ತದೆ. ಗುಜರಿ ಅಂಗಡಿಯಿಂದ ಬಂದ ಸ್ಟ್ಯಾಂಡಿನ ತುಕ್ಕನ್ನು ತಂತಿ ಬ್ರಷ್ಷಿನಿಂದ, ಉಪ್ಪು ಕಾಗದದಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಕರಿಬಣ್ಣ ಕೊಡುತ್ತಾರೆ. ಎರಕದ ಕಬ್ಬಿಣ ಬಗ್ಗುವುದಿಲ್ಲ, ಪೆಟ್ಟು ಬಿದ್ದರೆ ಒಡೆಯುತ್ತದೆ. ಒಡೆದದ್ದನ್ನು ಬೆಸುಗೆ ಹಾಕುವುದು ಎಲ್ಲ ವೆಲ್ಡರ್‌ಗಳ ಕೈಲಾಗುವ ಕೆಲಸವಲ್ಲ. ಆದ್ದರಿಂದ ನಮ್ಮ ತನಕ ಬಂದ ಸ್ಟ್ಯಾಂಡುಗಳು ಒಡೆಯದೆ ಉಳಿದವು. ಎತ್ತರವೂ ಸರಿಹೊಂದುತ್ತದೆ. ಕುಳಿತು ಹೊಲಿಯುವ ಎತ್ತರ ಮತ್ತು ಕುಳಿತು ಬರೆಯುವ, ಉಣ್ಣುವ ಎತ್ತರ ಹೆಚ್ಚುಕಡಿಮೆ ಒಂದೇ, ಸುಮಾರು ಎರಡೂವರೆ ಅಡಿ. ಯಂತ್ರ ಇಷ್ಟು ಸುಲಭವಾಗಿ ಮೇಜಾಗುವುದಕ್ಕೆ ಕಾರಣ ಅದು ಮೊದಲಿನಿಂದಲೂ ಅರ್ಧ ಮೇಜೇ ಆಗಿತ್ತು ಎನ್ನುವುದು.

ಇತಿಹಾಸವೂ ಇದನ್ನೇ ಹೇಳುತ್ತದೆ. ಐಸಾಕ್ ಸಿಂಗರ್ ಅಮೆರಿಕದಲ್ಲಿ ಪೇಟೆಂಟು ಪಡೆದದ್ದು 1851ರಲ್ಲಿ. ಅವನ ಆರಂಭದ ಯಂತ್ರಗಳನ್ನು ತುಂಬಿ ಕಳಿಸುತ್ತಿದ್ದ ಮರದ ಪೆಟ್ಟಿಗೆಯೇ ಯಂತ್ರವನ್ನಿಡುವ ಮೇಜೂ ಆಗುತ್ತಿತ್ತು. ಪೆಟ್ಟಿಗೆಗೇ ಪೆಡಲ್ ಜೋಡಿಸಿದ್ದರು. ಅಂದರೆ ಈ ಸ್ಟ್ಯಾಂಡಿನ ಪೂರ್ವಜನೇ ಒಂದು ಮರುಬಳಕೆಯ ವಸ್ತು. ಆಮೇಲೆ ಯಂತ್ರ ಕಾರ್ಖಾನೆಯಿಂದ ಮಧ್ಯಮ ವರ್ಗದ ಮನೆಯೊಳಕ್ಕೆ ಬರಬೇಕಾಯಿತು. 1850ರ ದಶಕದಲ್ಲೇ ಸಿಂಗರ್ ಕಂಪನಿ ಕಂತಿನ ಮೇಲೆ ಯಂತ್ರ ಮಾರಲು ಶುರುಮಾಡಿತು. ಆದರೆ ನೆಂಟರು ಬಂದು ಕೂರುವ ಕೋಣೆಯಲ್ಲಿ ಒಂದು ಯಂತ್ರ ಇರುವುದು ಆ ಕಾಲದ ಗೃಹಸ್ಥರಿಗೆ ಇರುಸುಮುರುಸಿನ ವಿಷಯ. ಅದಕ್ಕೆ ಕಬ್ಬಿಣದಲ್ಲಿ ಹೂಬಳ್ಳಿ ಮೂಡಿತು. ತಲೆಯ ಮೇಲೆ ಬಂಗಾರದ ಬಣ್ಣದ ಚಿತ್ತಾರ ಬಂತು. ತಲೆಯನ್ನು ಕೆಳಗೆ ಮಡಚಿ, ಮೇಲೆ ಹಲಗೆ ಮುಚ್ಚಿದರೆ ಅಲಂಕಾರದ ಮೇಜಿನಂತೆ ಕಾಣುವ ಮಾದರಿಗಳೂ ಬಂದವು. ಹೊಲಿಗೆ ಮುಗಿದ ಮೇಲೆ ದುಡಿಮೆಯ ಗುರುತು ಕಾಣಬಾರದು.

ಅಂದು ಯಂತ್ರ ಮೇಜಿನ ವೇಷ ತೊಟ್ಟಿತ್ತು. ಇಂದು ಮೇಜು ಯಂತ್ರದ ವೇಷ ತೊಟ್ಟಿದೆ. ಹತ್ತೊಂಬತ್ತನೆಯ ಶತಮಾನದ ಮನೆ ದುಡಿಮೆಯನ್ನು ಮುಚ್ಚಿ ಮರೆಮಾಡಿತು. ನಮ್ಮ ಕಾಲದ ಕಾಫಿ ಅಂಗಡಿ ಅದನ್ನು ತೆರೆದು ತೋರಿಸಿಯೇ ಮರೆಮಾಡುತ್ತದೆ. ಈ ಎರಡನೆಯ ಬಗೆಯ ಮರೆಮಾಚುವಿಕೆ ಹೇಗೆ ನಡೆಯುತ್ತದೆ ಎನ್ನುವುದೇ ನನಗೆ ಮುಖ್ಯ.

ಹೊಲಿಗೆ ಯಂತ್ರ ಎಲ್ಲರೂ ಒಲಿದು ಬರಮಾಡಿಕೊಂಡ ವಸ್ತುವೇನೂ ಅಲ್ಲ. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ ಸೈನಿಕರ ಸಮವಸ್ತ್ರ ಹೊಲಿಯಲು ಪ್ಯಾರಿಸ್ಸಿನಲ್ಲಿ ಇಟ್ಟಿದ್ದ ಯಂತ್ರಗಳನ್ನು 1831ರಲ್ಲಿ ಅಲ್ಲಿನ ದರ್ಜಿಗಳೇ ನುಗ್ಗಿ ಒಡೆದುಹಾಕಿದರು. ತಮ್ಮ ಅನ್ನ ಹೋಗುತ್ತದೆಂಬ ಭಯ ಅವರದು. ಅದೇ ಶತಮಾನದ ಕೊನೆಯ ಹೊತ್ತಿಗೆ ಯಂತ್ರವೇ ದರ್ಜಿಯ ಗುರುತಾಗಿತ್ತು. ಭಾರತದಲ್ಲಂತೂ ಅದು ಬೇರೂರಿದ ಬಗೆಯೇ ಬೇರೆ. ಇತಿಹಾಸಕಾರ ಡೇವಿಡ್ ಅರ್ನಾಲ್ಡ್ 2013ರ ತಮ್ಮ ಪುಸ್ತಕದಲ್ಲಿ ಸೈಕಲ್ಲು, ಟೈಪ್‌ರೈಟರು, ಅಕ್ಕಿ ಗಿರಣಿಗಳ ಜತೆಗೆ ಹೊಲಿಗೆ ಯಂತ್ರವನ್ನೂ ಇಟ್ಟು, ಭಾರತದ ಆಧುನಿಕತೆಯನ್ನು ರೈಲು, ಅಣೆಕಟ್ಟುಗಳಲ್ಲಿ ಮಾತ್ರವಲ್ಲದೆ ಇಂಥ ಸಣ್ಣ ಯಂತ್ರಗಳಲ್ಲೂ ಹುಡುಕಬೇಕೆಂದು ವಾದಿಸುತ್ತಾರೆ. 1930ರ ದಶಕದಲ್ಲಿ ಕಲ್ಕತ್ತಾದ ಜೈ ಇಂಜಿನಿಯರಿಂಗ್ ವರ್ಕ್ಸ್ 'ಉಷಾ' ಯಂತ್ರ ತಂದ ಮೇಲೆ ಸಿಂಗರ್ ಎಂಬ ಪರದೇಶಿ ಹೆಸರಿನ ಪಕ್ಕದಲ್ಲಿ ಒಂದು ದೇಶಿ ಹೆಸರೂ ಕೂತಿತು.

ಗಾಂಧಿಯವರ ನಿಲುವನ್ನೂ ಇಲ್ಲಿ ನೆನೆಯಬೇಕು. ಯಂತ್ರಗಳ ಬಗ್ಗೆ ಅವರ ಕಟು ಮಾತು ಎಲ್ಲರಿಗೂ ಗೊತ್ತು. ಆದರೆ 1924ರಲ್ಲಿ ಜಿ. ರಾಮಚಂದ್ರನ್ ಅವರೊಡನೆ ಮಾತನಾಡುವಾಗ ಸಿಂಗರ್ ಹೊಲಿಗೆ ಯಂತ್ರವನ್ನು ಅವರು ಅಪವಾದವಾಗಿ ಬಿಟ್ಟುಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿಯುವ ಪಾಡು ನೋಡಲಾರದೆ ಸಿಂಗರ್ ಈ ಯಂತ್ರ ಮಾಡಿದ ಎನ್ನುವ ಕಥೆ ಅವರಿಗೆ ಪ್ರಿಯವಾಗಿತ್ತು. ಸಿಂಗರನ ಜೀವನ ಆ ಕಥೆಗೆ ಒಪ್ಪುವುದಿಲ್ಲ. ಅವನು ಒಂದೇ ಕಾಲಕ್ಕೆ ಹಲವು ಸಂಸಾರಗಳನ್ನು ನಡೆಸುತ್ತಿದ್ದವನು. ಆದರೆ ಅದೇ ಮಾತುಕತೆಯಲ್ಲಿ ಬಂದ ಮುಂದಿನ ಪ್ರಶ್ನೆ ಹೆಚ್ಚು ಮುಖ್ಯ: ಹೊಲಿಗೆ ಯಂತ್ರ ಬೇಕೆಂದರೆ ಅದನ್ನು ತಯಾರಿಸುವ ದೊಡ್ಡ ಕಾರ್ಖಾನೆಯೂ ಬೇಕಲ್ಲವೇ? ಗಾಂಧಿ ಹೌದೆಂದರು, ಅಂಥ ಕಾರ್ಖಾನೆಗಳು ರಾಷ್ಟ್ರದ ಒಡೆತನದಲ್ಲೋ ಸರ್ಕಾರದ ಹಿಡಿತದಲ್ಲೋ ಇರಬೇಕೆಂದರು. ಯಂತ್ರ ಚೆಂದವೋ ಅಲ್ಲವೋ ಎಂಬ ಮಾತು ಹೀಗೆ ದುಡಿಮೆಯ ಒಡೆತನ ಯಾರದು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಮೇಜಿನ ಮುಂದೆ ಕುಳಿತಾಗ ನಾವು ಬಿಟ್ಟುಬಿಡುವುದು ಈ ಎರಡನೆಯ ಪ್ರಶ್ನೆಯನ್ನು.

ಮಾರ್ಕ್ಸ್‌ನಲ್ಲಿಯೂ ಈ ವಸ್ತುಗಳು ಒಟ್ಟಿಗೆ ಸಿಗುತ್ತವೆ. 'ಬಂಡವಾಳ'ದ (1867) ಮೊದಲ ಅಧ್ಯಾಯದಲ್ಲಿ ಮೌಲ್ಯವನ್ನು ವಿವರಿಸಲು ಅವನು ಆರಿಸಿಕೊಂಡದ್ದು ನಾರುಬಟ್ಟೆ ಮತ್ತು ಕೋಟು. ಸರಕಿನ ಮಾಯೆಯನ್ನು ಹೇಳಲು ಮರದ ಮೇಜು. ಮುಂದೆ ಯಂತ್ರಗಳ ಅಧ್ಯಾಯದಲ್ಲಿ ಹೊಲಿಗೆ ಯಂತ್ರವೇ ಬಂದು ಮನೆಮನೆಯ ಹೊಲಿಗೆಗಾರರ ಬದುಕನ್ನು ಏನು ಮಾಡಿತೆಂದು ಹೇಳುತ್ತದೆ. ನಮ್ಮ ಈ ಮೇಜಿನಲ್ಲಿ ಆ ಮೂರೂ ಸೇರಿಕೊಂಡಿವೆ. ವಿಮರ್ಶಕ ಪೀಟರ್ ಸ್ಟಾಲಿಬ್ರಾಸ್ 'ಮಾರ್ಕ್ಸ್‌ನ ಕೋಟು' ಎಂಬ ಪ್ರಬಂಧದಲ್ಲಿ ಇನ್ನೊಂದು ಎಳೆ ಹಿಡಿದರು. ಮಾರ್ಕ್ಸ್ ತನ್ನ ಸ್ವಂತ ಕೋಟನ್ನು ಪದೇ ಪದೇ ಗಿರವಿ ಇಡಬೇಕಾಗುತ್ತಿತ್ತು. ಗಿರವಿ ಅಂಗಡಿಯವನಿಗೆ ಕೋಟಿನ ಮೊಣಕೈಯ ಸುಕ್ಕು ಬೆಲೆ ಕಡಿಮೆ ಮಾಡುವ ದೋಷ. ತೊಟ್ಟವನಿಗೆ ಅದೇ ನೆನಪು. ಹೊಲಿಗೆ ಯಂತ್ರದ ಮೇಜಿನಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಸವೆತವೇ ಬೆಲೆ ಏರಿಸುತ್ತದೆ. ಆದರೆ ಆ ಸವೆತ ಯಾರದ್ದೆಂದು ಗೊತ್ತಿರಬಾರದು. ಗೊತ್ತಾದರೆ ಅದು 'ವಿಂಟೇಜ್' ಆಗಿ ಉಳಿಯುವುದಿಲ್ಲ, ಯಾರೋ ಒಬ್ಬರ ಮಂಡಿನೋವು ಆಗಿಬಿಡುತ್ತದೆ.

ಈ ಮಂಡಿನೋವಿನ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ದಾವಣಗೆರೆ ಕಡೆ ಇರುವ ನನ್ನ ಸೋದರತ್ತೆ ಬ್ಲೌಸು, ಲಂಗ, ಶಾಲೆಯ ಯೂನಿಫಾರಂ ಹೊಲಿದು ಮಕ್ಕಳನ್ನು ಓದಿಸಿದವರು. ಬೆಂಗಳೂರಿನಲ್ಲಿ ಮನೆ ಮಾಡಿದ ಅವರ ಮಗ ಯಂತ್ರವನ್ನು ಮೇಜು ಮಾಡಿಸುತ್ತೇನೆಂದು ಕೇಳಿದಾಗ ನಾನೂ ಅಲ್ಲಿದ್ದೆ. ಅದನ್ನು ಹಾಗೇ ಇಡಬೇಕೆಂದು ನಾನು ಒಂದಷ್ಟು ಹೇಳಿದೆ. ಅತ್ತೆ ಇಬ್ಬರ ಮಾತೂ ಕೇಳಿ, "ಮಂಡಿನೋವು ಇಲ್ದೋರಿಗೆ ಪೆಡಲ್ ಚಂದ ಕಾಣ್ತತಿ" ಅಂದರು. ಆಮೇಲೆ ಮಗನಿಗೆ, "ಕಾಲು ನೀ ತಗಂಡು ಹೋಗಪ್ಪ, ತಲೆ ನಂಗಿರ್ಲಿ" ಅಂದರು. ತಲೆಯನ್ನು ಒಂದು ಮರದ ಪೀಠಕ್ಕೆ ಕೂರಿಸಿ, ಸಣ್ಣ ಮೋಟಾರು ಹಾಕಿಸಿಕೊಂಡು ಈಗಲೂ ಸೀರೆಗೆ ಫಾಲ್ಸ್ ಹೊಲಿಯುತ್ತಾರೆ. ಮಗನ ಮನೆಯಲ್ಲಿ ಆ ಕಾಲಿನ ಮೇಲೆ ಗಾಜು ಬಂದಿದೆ.

ಈ ಪ್ರಸಂಗದಲ್ಲಿ ನಾನು ಗಮನಿಸುವುದು ಆಯ್ಕೆ ಯಾರ ಕೈಯಲ್ಲಿತ್ತು ಎನ್ನುವುದನ್ನು. ಕಾಲು ಕೊಟ್ಟವರೂ ಅತ್ತೆ, ತಲೆ ಇಟ್ಟುಕೊಂಡವರೂ ಅತ್ತೆ. ಅವರಿಗೆ ಪೆಡಲ್ ಸ್ಮಾರಕವಲ್ಲ, ಕಳೆದುಕೊಂಡರೆ ನೆಮ್ಮದಿ ಎನ್ನಿಸುವ ಭಾರ. ಹಳೆಯ ದುಡಿಮೆಯ ಸಾಧನಗಳನ್ನು 'ಇದ್ದ ಹಾಗೇ' ಉಳಿಸಬೇಕೆಂಬ ಹಟವೂ ಕೆಲವೊಮ್ಮೆ ದುಡಿಯದವರ ಹಟವೇ. ಮಾನವಶಾಸ್ತ್ರಜ್ಞ ಇಗೊರ್ ಕೊಪಿಟಾಫ್ 1986ರ ಪ್ರಬಂಧವೊಂದರಲ್ಲಿ ವಸ್ತುಗಳಿಗೂ ಜೀವನಚರಿತ್ರೆ ಇದೆ, ಅವು ಸರಕಾಗುತ್ತವೆ, ಸರಕಿನಿಂದ ಹೊರಬಂದು ಏಕಮಾತ್ರವಾಗುತ್ತವೆ, ಮತ್ತೆ ಸರಕಾಗುತ್ತವೆ ಎಂದರು. ಅತ್ತೆಯ ಯಂತ್ರಕ್ಕೆ ಒಂದಲ್ಲ, ಎರಡು ಜೀವನಚರಿತ್ರೆ. ಕಾಫಿ ಅಂಗಡಿಯ ಮೇಜಿಗಾದರೆ ಅರ್ಧ ಚರಿತ್ರೆ ಮಾತ್ರ. ತಲೆ ಎಲ್ಲಿ ಹೋಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಕಲೆಯ ಇತಿಹಾಸದಲ್ಲಿ ಇಂಥ ಬೇರ್ಪಡಿಕೆಗೆ ಒಂದು ಗೌರವದ ಪರಂಪರೆಯೇ ಇದೆ. ಮಾರ್ಸೆಲ್ ದ್ಯೂಶಾಂ 1913ರಲ್ಲಿ ಅಡುಗೆಮನೆಯ ಸ್ಟೂಲಿನ ಮೇಲೆ ಸೈಕಲ್ ಚಕ್ರವನ್ನು ತಲೆಕೆಳಗಾಗಿ ನಿಲ್ಲಿಸಿದ. ಮ್ಯಾನ್ ರೇ 1920ರಲ್ಲಿ ಹೊಲಿಗೆ ಯಂತ್ರವೊಂದನ್ನು ಕಂಬಳಿಯಲ್ಲಿ ಸುತ್ತಿ ಹಗ್ಗ ಕಟ್ಟಿಟ್ಟು, ಅದಕ್ಕೆ ಕವಿ ಇಸಿದೋರ್ ದ್ಯುಕಾಸನ ಹೆಸರಿನ ಒಗಟು ಎಂದು ಶೀರ್ಷಿಕೆ ಕೊಟ್ಟ. ಇಬ್ಬರ ಕೆಲಸದಲ್ಲೂ ವಸ್ತು ಬಳಕೆಯಿಂದ ಹೊರಬಂದು ನಮ್ಮನ್ನು ಕಾಡುತ್ತದೆ. ಸ್ಟೂಲಿನ ಮೇಲೆ ಕೂರಲಾಗದು, ಚಕ್ರ ಎಲ್ಲಿಗೂ ಹೋಗದು. ಕಂಬಳಿಯೊಳಗೇನಿದೆಯೋ ಎಂದು ಯೋಚಿಸಲೇಬೇಕು. ನಮ್ಮ ಮೇಜು ಯಾರನ್ನೂ ಕಾಡುವುದಿಲ್ಲ. ಕಾಫಿ ಇಡಲು ಅನುಕೂಲವಾಗಿದೆ. ಮ್ಯಾನ್ ರೇ ಯಂತ್ರವನ್ನು ಮುಚ್ಚಿ ಯೋಚನೆಗೆ ಹಚ್ಚಿದ. ಅಲಂಕಾರ ಯಂತ್ರವನ್ನು ತೆರೆದಿಟ್ಟು ಯೋಚನೆಯಿಂದ ಬಿಡುಗಡೆ ಕೊಡುತ್ತದೆ.

ಹಾಗೆಂದು ಮರುಬಳಕೆ ಎಂದರೆ ಇಷ್ಟೇ ಎಂದುಕೊಳ್ಳಬೇಕಿಲ್ಲ. ನಮ್ಮಲ್ಲೇ ಇನ್ನೊಂದು ಸೌಂದರ್ಯಕಲ್ಪನೆ ಇದೆ: ಕೌದಿ. ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರ ಪದರವಾಗಿ ಇಟ್ಟು ಕೈಹೊಲಿಗೆಯಲ್ಲಿ ಕೌದಿ ಮಾಡುತ್ತಾರೆ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳಲ್ಲಿ ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಹೂವಿಡುವುದು ವಾಡಿಕೆ. ಅಲ್ಲಿಯೂ ಹಳೆಯದನ್ನು ಹರಿದು ಹೊಸದು ಮಾಡುತ್ತಾರೆ. ಆದರೆ ಮೂರು ವ್ಯತ್ಯಾಸಗಳಿವೆ. ಕೌದಿಯಲ್ಲಿ ಹಳೆಯ ಬಟ್ಟೆ ಹಳೆಯದು ಎಂಬ ಕಾರಣಕ್ಕೆ ಮೆರೆಯುವುದಿಲ್ಲ, ಬೆಚ್ಚಗಿಡುವುದು ಅದರ ಕೆಲಸ. ಯಾವ ತುಂಡು ಯಾರ ಸೀರೆಯದೆಂದು ಹೊದ್ದವರಿಗೆ ಗೊತ್ತಿರುತ್ತದೆ. ಹರಿದವರೂ ಹೊಲಿದವರೂ ಒಬ್ಬರೇ. ಕೌದಿ ಹೆಸರಿಲ್ಲದ ನೆನಪನ್ನು ಮಾರುವುದಿಲ್ಲ. ನಗರದ ಅಂಗಡಿಯಲ್ಲಿ ಅದೂ ಬೆಲೆಯ ಚೀಟಿ ಹೊತ್ತು ನೇತಾಡತೊಡಗಿದೆ ಎನ್ನುವುದು ನಿಜ. ಆಗ ಅದಕ್ಕೂ ಇದೇ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಹಾಗಾದರೆ ಒಳ್ಳೆಯ ಮೇಜು ಯಾವುದು? ವಿಮರ್ಶೆ ಎಂದ ಮೇಲೆ ತೀರ್ಮಾನದ ಹೊಣೆಯನ್ನೂ ಹೊರಬೇಕು. ನನ್ನ ಮಟ್ಟಿಗೆ ಮೊದಲ ಅಳತೆ ಪೆಡಲ್. ಬಹಳ ಕಡೆ ಅದನ್ನು ಅಲುಗದಂತೆ ಬಿಗಿದಿರುತ್ತಾರೆ. ಚಕ್ರಕ್ಕೆ ಮಕ್ಕಳ ಬೆರಳು ಸಿಕ್ಕೀತೆಂಬ ಅಂಜಿಕೆ ನ್ಯಾಯವಾದದ್ದೇ. ಆದರೆ ಆಡುವ ಪೆಡಲಿನ ಮೇಜಿನಲ್ಲಿ ಎದುರುಬದುರು ಕೂತವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಪೆಡಲ್ ನಡುವಿನ ಅಚ್ಚಿನ ಮೇಲೆ ಆಡುವುದರಿಂದ ಒಬ್ಬರು ಒತ್ತಿದರೆ ಎದುರಿನವರ ಕಾಲು ಮೇಲೇಳುತ್ತದೆ. ಜತೆಗೆ ಈ ಮೇಜು ಒಬ್ಬರು ಒಂದೇ ಬದಿಯಿಂದ ಕೂರಲೆಂದು ಮಾಡಿದ್ದು. ಕೂತವರ ಕಾಲು ತಾನಾಗಿ ದರ್ಜಿಯ ಕಾಲಿದ್ದ ಜಾಗಕ್ಕೇ ಹೋಗುತ್ತದೆ. ಕಣ್ಣಿಗೆ ಕಾಣುವ ಬಂಗಾರದ ಅಕ್ಷರಕ್ಕಿಂತ ಈ ಅರಿವು ದೊಡ್ಡದು ಎನ್ನುವುದು ನನ್ನ ಅನಿಸಿಕೆ. ಎರಡನೆಯ ಅಳತೆ ಹಳೆಯ ಹಲಗೆ. ಬೆಲ್ಟಿನ ತೂತು, ಅಂಚಿನ ಸವೆತ, ಕತ್ತರಿಯ ಗೀರು ಉಳಿದಿದ್ದರೆ ಅದು ಮಾತನಾಡುತ್ತದೆ. ಗ್ರಾನೈಟಿನ ಕೆಳಗೆ ಕಬ್ಬಿಣ ಬರೀ ಚಿತ್ತಾರ. ಮೂರನೆಯದು ತಲೆಯ ವಿಚಾರ. ಅದು ಇನ್ನೆಲ್ಲೋ ಹೊಲಿಯುತ್ತಿದ್ದರೆ ಮೇಜಿನ ಚೆಂದ ಕಳಂಕವಿಲ್ಲದ್ದು.

ಈ ಮೂರನೆಯ ಅಳತೆಯನ್ನು ಇಡೀ ಊರಿಗೆ ಹಿಡಿದು ನೋಡಬಹುದು. ಲಂಡನ್ ಮೂಲದ ಬಟ್ಟೆ ಕಂಪನಿ ಆಲ್‌ಸೇಂಟ್ಸ್ ತನ್ನ ಮಳಿಗೆಗಳ ಗಾಜಿನ ಕಿಟಕಿಯಲ್ಲಿ ಹಳೆಯ ಹೊಲಿಗೆ ಯಂತ್ರಗಳನ್ನು ಸಾಲು ಸಾಲಾಗಿ ಜೋಡಿಸಿದ್ದಕ್ಕೇ ಹೆಸರಾಯಿತು. ಬಟ್ಟೆ ಮಾರುವ ಜಾಗದಲ್ಲಿ ಬಟ್ಟೆ ಹೊಲಿದವರ ಬದಲಿಗೆ ನಿಂತುಹೋದ ಯಂತ್ರಗಳು. ಬೆಂಗಳೂರಿನಲ್ಲಿ ಯಂತ್ರಗಳು ನಿಂತಿಲ್ಲ. ಪೀಣ್ಯ, ಹೊಸೂರು ರಸ್ತೆ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಮೋಟಾರಿನ ಯಂತ್ರಗಳ ಮುಂದೆ ಕೂತವರು ಬಹುಪಾಲು ಹೆಣ್ಣುಮಕ್ಕಳು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ತಂದ ಹೊಸ ನಿರ್ಬಂಧವನ್ನು ವಿರೋಧಿಸಿ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು. ಎರಡೇ ದಿನದಲ್ಲಿ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಹೊಲಿಗೆ ಎಂದರೆ ಕಳೆದುಹೋದ ಕಾಲದ ಮಧುರ ಸ್ಮೃತಿ ಎಂದು ಮೇಜು ಹೇಳುತ್ತದೆ. ಅದೇ ಊರಿನ ರಸ್ತೆ, ಹೊಲಿಗೆ ಇವತ್ತಿನ ಕೂಲಿಯ ಮಾತು ಎನ್ನುತ್ತದೆ. ಮೇಜನ್ನು ಮೆಚ್ಚುವವರು ಈ ಎರಡನೆಯ ಮಾತನ್ನೂ ಕೇಳಿಸಿಕೊಳ್ಳಬೇಕು.

ಕೊನೆಗೆ ಸಾಹಿತ್ಯದ ಮಾತು. 1930ರ ದಶಕದ ಆರಂಭದಲ್ಲಿ ಹಲಸಂಗಿ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿ ಬೀಸುವ, ಕುಟ್ಟುವ ಹೆಂಗಸರ ಬಾಯಲ್ಲಿದ್ದ ತ್ರಿಪದಿಗಳನ್ನು ಪುಸ್ತಕಕ್ಕೆ ತಂದರು. ಆ ಗೆಳೆಯರಲ್ಲಿ ಒಬ್ಬರು ಸಿಂಪಿ ಲಿಂಗಣ್ಣ. ಸಿಂಪಿ ಎಂದರೆ ದರ್ಜಿ. ಆ ಕೆಲಸ ಆಗದಿದ್ದರೆ ಕನ್ನಡ ಬಡವಾಗುತ್ತಿತ್ತು. ಆದರೆ ಅವರ ನಂತರ ನಾವು ಆ ತ್ರಿಪದಿಗಳನ್ನು ಪಠ್ಯಪುಸ್ತಕಕ್ಕೆ, ಭಾಷಣಕ್ಕೆ, ಶುಭಾಶಯ ಪತ್ರಕ್ಕೆ ಬಳಸಿದ ರೀತಿಯಲ್ಲಿ ಬೀಸುಕಲ್ಲು ಮೆಲ್ಲಗೆ ಮಾಯವಾಯಿತು. ಕಲ್ಲಿನ ಸುತ್ತಿನ ಲಯ ಛಂದಸ್ಸಾಗಿ ಉಳಿಯಿತು, ತೋಳಿನ ನೋವು ಉಳಿಯಲಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದಾನೆ. ಅವನ ಹೆಸರಿನಲ್ಲೇ ಸೂಜಿ ಇದೆ, ಹೆಸರಿನಿಂದ ಕಾಯಕವನ್ನು ಬಿಡಿಸಲಾಗದು. ಆದರೂ ವಚನಗಳ ಸಾಲನ್ನು ಗೋಡೆಯ ಮೇಲೆ ಬರೆಸುವಾಗ ನಾವು ಕಾಯಕವನ್ನು ತತ್ವವಾಗಿ ಬರೆಸುತ್ತೇವೆ, ಕಸುಬಾಗಿ ಅಲ್ಲ.

ಉಲ್ಲೇಖ ಎನ್ನುವುದೂ ಒಂದು ಬೇರ್ಪಡಿಕೆಯೇ. ಅದನ್ನು ಮಾಡದೆ ಸಂಶೋಧನೆ ನಡೆಯುವುದಿಲ್ಲ, ಕಾಲು ತೆಗೆಯದೆ ಮೇಜಾಗದು. ಬೇರ್ಪಡಿಸುವುದು ತಪ್ಪು ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಯಾವ ಮೈಯಿಂದ, ಯಾವ ಕೆಲಸದಿಂದ ಬಿಡಿಸಿ ತಂದೆವು ಎಂಬುದರ ಗುರುತು ಹೊಸ ಜಾಗದಲ್ಲಿಯೂ ಉಳಿಯಬೇಕು, ಬಿಟ್ಟುಬಂದ ಭಾಗ ಏನಾಯಿತೆಂದು ವಿಚಾರಿಸಬೇಕು. ಸಾಧ್ಯವಿದ್ದಲ್ಲಿ ಕೊಡುವವರ ಒಪ್ಪಿಗೆಯನ್ನೂ ಕೇಳಬೇಕು. ಅತ್ತೆ ಕಾಲು ಕೊಟ್ಟು ತಲೆ ಇಟ್ಟುಕೊಂಡದ್ದರಲ್ಲಿ ಈ ವಿವೇಕವಿತ್ತು. ವಿಮರ್ಶೆ ಕಲಿಯುತ್ತಿರುವ ನಮ್ಮಂಥವರು ಒಂದು ಪದ್ಯದ ಸಾಲನ್ನು ನಮ್ಮ ವಾದದ ಕೆಳಗೆ ಕಾಲಾಗಿ ನಿಲ್ಲಿಸುವ ಮುಂಚೆ, ಅದರ ತಲೆ ಎಲ್ಲಿದೆ, ಇನ್ನೂ ಹೊಲಿಯುತ್ತಿದೆಯೇ ಎಂದು ಒಮ್ಮೆ ತಿರುಗಿ ನೋಡಬೇಕು.